ಜಗಲಿ ಮುಂದಿನ ಪರಸಿ

ಒಲೆಯ ಮುಂದೆ ಹಾಸಿದ ಪರಸಿಗಲ್ಲಿನ ಸಂದಿಗೆ ಮಡಿವಾಳಪ್ಪ ಹಾರೆ ತುರುಕಿದ್ದೇ ತಡ, ಹೆಂಡತಿ ಸಾತವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದಳು.

“ಹುಚ್ಚ ಹಿಡೀತೇನ್ರಿ ನಿಮಗ? ನಬಿಸಾಬನ ಮನೀಗಿ ರೊಟ್ಟಿ ಒಯ್ಯೋದೈತಿ, ನೀವ ನೋಡಿದ್ರ ಅಡಗಿಮನಿ ಅಗ್ಯಾಕತ್ತೀರಿ!”

“ಅವನ ಗೋರಿಗೆ ಮಿಷನ್ ಕಲ್ಲ ತಂದಾರ. ಹೊತ್ತ ಮುಳುಗೂದ್ರಾಗ ಮಣ್ಣಾಗತೈತಿ. ಸರಿ ಆಕಡಿ.”

ಗೆಳೆಯ ನಬಿಸಾಬ ಬೆಳಗಿನ ಜಾವ ತೀರಿಕೊಂಡಿದ್ದ. ಹರೆಯದಿಂದ ನರೆ ಬರುವವರೆಗೆ ಇಬ್ಬರೂ ಜೋಡಿಯಾಗಿ ಊರ ಖಣಿಯಲ್ಲಿ ಪರಸಿ ಎಬ್ಬಿಸಿದವರು. ಮುದ್ದೇಬಿಹಾಳದವರೆಗೆ ಯಾರ ಪಡಸಾಲೆಗೆ ಕಾಲಿಟ್ಟರೂ ಇವರ ಕಲ್ಲೇ. ಆಮೇಲೆ ಕಲ್ಲು ಕೊಯ್ಯುವ ಮಿಷನ್ ಬಂತು, ಖಣಿ ನಿಂತಿತು, ನೀರು ತುಂಬಿತು. ಈಗ ಅಲ್ಲಿ ಎಮ್ಮೆಗಳು ಈಜುತ್ತವೆ. ಊರೆಲ್ಲ ಸುತ್ತಿದರೂ ನಬಿಸಾಬನ ಕೈಯ ಬಿಡಿಗಲ್ಲು ಒಂದೂ ಸಿಕ್ಕಿರಲಿಲ್ಲ. ಸತ್ತವನಿಗೆ ಯಾವ ಕಲ್ಲಾದರೇನು ಅಂದರು ಮಂದಿ. ಅವರಿಗೇನು ಗೊತ್ತು! ಮಡಿವಾಳಪ್ಪನ ಜೀವ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

*

ತೊಂಬತ್ತೆಂಟರಲ್ಲಿ, ಖಣಿ ಮುಚ್ಚಿದ ದಿನ, ನಬಿಸಾಬ ಕಲ್ಲಿಗೆ ಬೆನ್ನು ಕೊಟ್ಟು ಬೀಡಿ ಹಚ್ಚಿದ್ದ.

“ಮಂದಿ ಮನಿಗೆಲ್ಲ ಹಾಸೀವಿ. ನಾ ಸತ್ತಾಗ ನನ್ನ ಮ್ಯಾಲ ಮಿಷನ್ ಕಲ್ಲ ಇಟ್ಟೀ, ನೋಡ ಮತ್ತ! ಬೋಳಿಸಿದ ತಲಿಯಂಗ ನುಣ್ಣಗಿರತಾವ ಸುಡಗಾಡ.”

“ನಾ ಮೊದಲ ಹೋದ್ರ?” ಮಡಿವಾಳಪ್ಪ ನಕ್ಕಿದ್ದ.

“ನಿನಗ ನಾ ತರತೇನಿ, ತಗೋ ಮಡ್ಯಾ.”

*

ಸಾತವ್ವ ಕೈಯ ಹಿಟ್ಟು ಒರೆಸಿಕೊಂಡಳು. ಗಂಡನ ಮುಖ ನೋಡಿ ಅವಳ ಸಿಟ್ಟು ಇಳಿದುಹೋಯಿತು.

“ಇವು ಎಣ್ಣಿ ಜಿಡ್ಡ ಹಿಡದಾವ. ದೇವರ ಜಗಲಿ ಮುಂದಿನವು ಎಬ್ಬಸ್ರಿ. ಅವೂ ನಬಿಸಾಬ ಹಾಸಿದ್ದs ಅಲ್ಲೇನು?”

ಖಬರಸ್ತಾನದಲ್ಲಿ ನಬಿಸಾಬನ ಮಗ ಸರ್ಫರಾಜ ಗೋರಿಯೊಳಗೆ ನಿಂತಿದ್ದ. ಅವನು ಟೆಂಪೊ ಓಡಿಸುವವನು, ಖಣಿಗೆ ಇಳಿದವನಲ್ಲ. ಮಿಷನ್ ಕಲ್ಲು ತಂದವನೂ ಅವನೇ. ಮಡಿವಾಳಪ್ಪ ತಂದ ಜಗಲಿಯ ಕಲ್ಲು ನೋಡಿ ಅವನು ಎರಡೂ ಕೈ ಚಾಚಿದ.

“ಇವs ಕೊಡ್ರಿ ಕಾಕಾ.”

ಹೆಣಕ್ಕೆ ಮಣ್ಣು ತಾಕದಂತೆ ಮೇಲೆ ಮುಚ್ಚುವ ಕಲ್ಲುಗಳು ಒಂದೊಂದಾಗಿ ಇಳಿದವು. ಕೊನೆಯದು ತಲೆಯ ಕಡೆಯದು. ಅದರ ಅಂಚು ಹಿಡಿದು ಬಗ್ಗಿದ ಮಡಿವಾಳಪ್ಪನ ಬಾಯಿಂದ ಖಣಿಯ ಮಾತು ಬಂದೇಬಿಟ್ಟಿತು.

“ನಬಿಸಾ, ಬಿಡಲೇನು?”

ಕೆಳಗಿನವನು ಬಿಡು ಅನ್ನದೆ ಮೇಲಿನವನು ಕಲ್ಲು ಬಿಡುವ ರೂಢಿ ಖಣಿಯಲ್ಲಿರಲಿಲ್ಲ. ಮಂದಿ ಮುಖ ಮುಖ ನೋಡಿಕೊಂಡರು.

“ಬಿಡ್ರಿ ಮಡಿವಾಳಪ್ಪಾರ, ಹೊತ್ತಾತು,” ಎಂದರು ಯಾರೋ.

ಕೈ ಬಿಡಲೊಲ್ಲದು. ಕಣ್ಣು ತುಂಬಿ ಕೆಳಗೇನೂ ಕಾಣದಾಯಿತು. ಗೆಳೆಯನ ಮೇಲೆ ಕಲ್ಲು ಬಿಡುವುದು ಅವನಿಂದ ಆಗಲಿಲ್ಲ.

ಸರ್ಫರಾಜ ಕಲ್ಲಿನಡಿ ಎರಡೂ ಅಂಗೈ ಕೊಟ್ಟ. ಹುಟ್ಟಿದಾಗಿನಿಂದ ಈ ಹಿರಿಯನನ್ನು ಅವನು ಹೆಸರು ಹಿಡಿದು ಕರೆದವನಲ್ಲ. ಈಗ ತಂದೆಯ ಗಡಸು ದನಿ ತೆಗೆದು ಕೂಗಿದ.

“ಬಿಡೋ ಮಡ್ಯಾ!”

ಮಡಿವಾಳಪ್ಪ ಬಿಟ್ಟ.