ಮೇದೋಜೀರಕದ ಸಾಕ್ಷಿ

ವೈದೇಹಿ ಗಂಡನ ಹಣೆಗೆ ಗಂಧ ಹಚ್ಚುತ್ತಿದ್ದಾಗ ಬಾಗಿಲಲ್ಲಿ ಅಪರಿಚಿತ ಹೆಂಗಸೊಬ್ಬಳು ಬಂದು ನಿಂತಳು. ಅಂತಿಮ ದರ್ಶನಕ್ಕೆ ಬಂದವರಿಂದ ಆ ಫ್ಲ್ಯಾಟಿನಲ್ಲಿ ಆಗಲೇ ಕಾಲಿಡಲು ಜಾಗವಿರಲಿಲ್ಲ.

"ಯಾರು ಅಮ್ಮಾ ಇವ್ರು?" ಮಗಳು ಮನಸ್ವಿನಿ ಕೇಳಿದಳು.

"ನಾನು ಸುಭದ್ರಾ. ನರೋಡಾದಿಂದ ಬಂದೆ," ಆಕೆ ಹಿಂದಿಯಲ್ಲಿ ಹೇಳಿದಳು. "ನನ್ನ ಗಂಡ ಅಲ್ಲಿನ ಕೀಟನಾಶಕದ ಫ್ಯಾಕ್ಟರಿಯಲ್ಲಿದ್ದ. ಅವನು ಹೇಗೆ ಸತ್ತ ಅಂತ ಸಾಹೇಬರಿಗೆ ಗೊತ್ತಿತ್ತು."

ವೈದೇಹಿಯ ಬೆರಳು ಆ ತಣ್ಣನೆಯ ಹಣೆಯ ಮೇಲೆಯೇ ನಿಂತುಬಿಟ್ಟಿತು.

*

ಮೂವತ್ತು ವರ್ಷದ ಹಿಂದೆ ಅವಳ ಗಂಡ ಪಾಂಡುರಂಗ ವಡೋದರಾದ ಪ್ರಯೋಗಾಲಯವೊಂದರಲ್ಲಿ ಇಲಿಯ ಮೇದೋಜೀರಕದ ಚೂರುಗಳನ್ನು ಗಾಜಿನ ಬಟ್ಟಲಲ್ಲಿ ಜೀವಂತವಾಗಿಟ್ಟು, ನರದ ಸಂದೇಶವನ್ನು ಅನುಕರಿಸುವ ಕೋಲಿನರ್ಜಿಕ್ ಔಷಧದ ಹನಿ ಹಾಕುತ್ತಿದ್ದ. ಹನಿ ಬೀಳುತ್ತಲೇ ಪಚನರಸ ಒಸರುತ್ತಿತ್ತು. ಔಷಧ ಹೆಚ್ಚಾದರೆ ಮಾತ್ರ ಹೊಸ ಪ್ರೋಟೀನ್ ಕಟ್ಟುವ ಕೆಲಸ ಕುಗ್ಗಿಹೋಗುತ್ತಿತ್ತು.

"ತಾ ಖಾಲಿ ಆಗೂತನಕ ರಸ ಸುರಸ್ತದ, ವೈದೇಹಿ. ಸಾಕು ಅನ್ನೂದು ಗೊತ್ತಿಲ್ಲ ಅದಕ್ಕ," ಎನ್ನುತ್ತಿದ್ದ.

ಕೀಟನಾಶಕದ ವಿಷವೂ ಕೆಣಕುವುದು ಅದೇ ನರಗಳನ್ನು. ನರೋಡಾದ ಫ್ಯಾಕ್ಟರಿಯಲ್ಲಿ ಅದು ಸೋರಿದಾಗ ಕಾರ್ಮಿಕನೊಬ್ಬ ನಾಲ್ಕು ದಿನ ಹೊಟ್ಟೆ ಹಿಡಿದುಕೊಂಡು ನರಳಿ ಸತ್ತ. ಅವನ ಮೇದೋಜೀರಕ ಕೊಳೆತುಹೋಗಿತ್ತು. ಕುಡಿತದಿಂದ ಎಂದರು ಫ್ಯಾಕ್ಟರಿಯವರು. ವಿಚಾರಣೆಗೆ ತಜ್ಞನೆಂದು ಪಾಂಡುರಂಗನನ್ನು ಕರೆದರು.

ಹೊರಡುವ ಮುಂಜಾನೆ ಅವನ ಅಂಗಿಯ ಗುಂಡಿ ಹಾಕುತ್ತ ವೈದೇಹಿಯೇ ಅಂದಿದ್ದಳು: "ಇಲೀದಷ್ಟ ಗೊತ್ತು, ಮನಷ್ಯಾರದು ಗೊತ್ತಿಲ್ಲಂತ ಹೇಳಿ ಬಂದುಬಿಡ್ರಿ. ನೌಕರಿ ಇನ್ನೂ ಖಾಯಂ ಆಗಿಲ್ಲ. ಕೂಸು ಸಣ್ಣದದ."

ಅವನು ಹಾಗೆಯೇ ಹೇಳಿ ಬಂದ. ಆಮೇಲೆ ಅವನ ಊಟ ಅರ್ಧಕ್ಕೇ ನಿಲ್ಲುತ್ತಿತ್ತು. ತುತ್ತು ಕೈಯಲ್ಲಿ ಹಿಡಿದು, ಪಕ್ಕದ ಕುರ್ಚಿಯಲ್ಲಿ ಯಾರೋ ನರಳುತ್ತಿರುವಂತೆ ಕಿವಿಗೊಡುತ್ತಿದ್ದ. ವೈದೇಹಿ ಮೊದಮೊದಲು ಗದರುತ್ತಿದ್ದಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ನರಳಿಕೆ ಅವಳಿಗೂ ಕೇಳತೊಡಗಿತ್ತು. ಗಂಡನಿಗೆ ಅದನ್ನು ಹೇಳಲಿಲ್ಲ.

*

ಸುಭದ್ರಾ ಚೀಲದಿಂದ ಒಂದು ಕಾಗದ ತೆಗೆದಳು. ಪಾಂಡುರಂಗನ ಅಕ್ಷರ, ಕೆಳಗೆ ಅವನ ಸಹಿ.

"ಹೋದ ತಿಂಗಳು ಸಾಹೇಬರು ಮನೆ ಹುಡುಕಿಕೊಂಡು ಬಂದಿದ್ದರು. ನಿನ್ನ ಗಂಡ ಕುಡಿತದಿಂದ ಸಾಯಲಿಲ್ಲ ಅಂದರು. ಬರೆದೂ ಕೊಟ್ಟರು. ಸಾಕ್ಷಿಯ ಸಹಿ ಬೇಕು, ನನ್ನ ಹೆಂಡತಿಗೆ ಎಲ್ಲ ಗೊತ್ತು, ಕೇಳು ಅಂದರು. ಇವತ್ತು ಬಂದೆ. ಹೀಗಾಗಿದೆ ಅಂತ ಗೊತ್ತಿರಲಿಲ್ಲ."

"ಅಮ್ಮಾ, ಗಾಡಿ ಬಂತು," ಎಂದಳು ಮನಸ್ವಿನಿ. "ಇದೆಲ್ಲ ಬಾದ್ ಮೇ, ಆಮೇಲೆ ಮಾಡೋಣ."

ವೈದೇಹಿ ಸುಭದ್ರಾಳಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿಲ್ಲ ಅಂತ ಹೇಳಿ ಬನ್ನಿ ಎಂದು ಅವರನ್ನು ಕಳಿಸಿದವಳು ನಾನು," ಎಂದಳು ಹಿಂದಿಯಲ್ಲಿ.

ಸುಭದ್ರಾ ಕಾಗದವನ್ನು ಅವಳ ಮುಂದೆ ಚಾಚಿದಳು.

"ಹಾಗಾದರೆ ಅದನ್ನೂ ಬರೆಯಿರಿ," ಎಂದಳು ಸುಭದ್ರಾ.

ಚಟ್ಟ ಎತ್ತಲು ನಾಲ್ವರು ಆಗಲೇ ಬಗ್ಗಿದ್ದರು. ವೈದೇಹಿ ಗಂಡನ ಪಕ್ಕ ನೆಲಕ್ಕೆ ಕೂತು, ಕಾಗದವನ್ನು ತೊಡೆಯ ಮೇಲೆ ಹರಡಿ, ಯಾರೋ ಚಾಚಿದ ಪೆನ್ನು ತೆಗೆದುಕೊಂಡಳು. ಅವಳು ಒಂದು ಸಾಲು ಬರೆದು ಇನ್ನೊಂದಕ್ಕೆ ಹೋದಳು. ನಾಲ್ವರೂ ಬಿದಿರಿಗೆ ಕೈ ಹಚ್ಚಿಕೊಂಡು, ಬಗ್ಗಿದವರು ಬಗ್ಗಿದಂತೆಯೇ ಕಾಯುತ್ತಿದ್ದರು.