ಹೊಸ ಕೋಟಿನ ತೂಕ

ಒಮ್ಮೆಯೂ ವಿಮಾನ ಹತ್ತದವನು ವಿಮಾನದ ಕಥೆ ಹೇಳುವುದು ಅಧಿಕಪ್ರಸಂಗವೇ. ನನ್ನದು ಸಂಜೆ ಶಾಲೆಯಲ್ಲಿ ಕಲಿತ ಬರವಣಿಗೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಮಾನ ನಿಲ್ದಾಣದಲ್ಲಿ ತೂಕ ನೋಡಿ ಬರೆಯುವುದು ನನ್ನ ಕೆಲಸ. ಆಗ ವಿಮಾನದಲ್ಲಿ ಇಪ್ಪತ್ತೊಂದೇ ಸೀಟು. ಪೆಟ್ಟಿಗೆಗಳಂತೆ ಪ್ರಯಾಣಿಕರನ್ನೂ ತೂಗುತ್ತಿದ್ದೆವು. ಮುತ್ತಿನ ಸರದ ಹೆಂಗಸರು ತೂಕದ ಯಂತ್ರ ಹತ್ತಿದರೆ ಮುಳ್ಳು ನನಗೆ ಮಾತ್ರ ಕಾಣಬೇಕು. ಅಂಕಿಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ದಿನವಿಡೀ ಜನರ ನಡುವೆ ನಿಂತರೂ ನನ್ನನ್ನು ಮಾತಾಡಿಸುತ್ತಿದ್ದವರು ಒಬ್ಬರೇ, ನಾನು ಅಕ್ಕ ಎಂದು ಕರೆಯುತ್ತಿದ್ದ ಗಗನಸಖಿ. ಪ್ರತಿ ಸೋಮವಾರ ಅವರನ್ನೂ ತೂಗಬೇಕಿತ್ತು. ಐವತ್ತನಾಲ್ಕು ಕಿಲೋ ದಾಟಿದರೆ ಕೆಲಸವಿಲ್ಲ.

“ಏನಪ್ಪಾ ತಕ್ಕಡಿರಾಯ, ಊಟ ಆಯ್ತಾ?”

“ಆಯ್ತಕ್ಕ. ನಿಮ್ದು?”

“ಸೋಮವಾರ ನಂಗೆ ಗಾಳಿನೇ ಊಟ ಕಣೋ. ಈ ಕೆಲಸ ಹೋದ್ರೆ ಅಣ್ಣನ ಮನೆ ಮೂಲೇಲಿ ಕೂತು ಅತ್ತಿಗೆ ಬೈಗುಳ ತಿನ್ಬೇಕು!”

ಒಂದು ಸೋಮವಾರ ಹೊಸ ಸಮವಸ್ತ್ರ ಬಂತು: ನೀಲಿ ಉಣ್ಣೆಯ ಕೋಟು, ಎರಡು ಸಾಲು ಹಿತ್ತಾಳೆ ಗುಂಡಿ. ಸಮವಸ್ತ್ರದಲ್ಲೇ ತೂಗಬೇಕೆಂಬುದು ನಿಯಮ. ಅಕ್ಕ ಕನ್ನಡಿಯಲ್ಲಿ ಹಿಂದೆಮುಂದೆ ನೋಡಿಕೊಂಡು ಬಂದು ನಿಂತರು. ಮುಳ್ಳು ಐವತ್ತೈದೂವರೆಗೆ ಹೋಯಿತು. ಇಳಿಸಿ ಮತ್ತೆ ಹತ್ತಿಸಿದೆ. ಆಗಲೂ ಅಷ್ಟೇ.

“ಒಂದೂವರೆ ಕಿಲೋ ತಾನೇ. ಇದೊಂದು ವಾರ ಕಡಿಮೆ ಬರಿ,” ಎಂದರು. ಈ ಸಲ ನಗಲಿಲ್ಲ.

“ಸುಳ್ಳು ಬರೆಯೋಕೆ ಕೈ ಬರಲ್ಲಕ್ಕ. ವಿಮಾನ ಹಾರೋದೇ ಇದನ್ನ ನಂಬ್ಕೊಂಡು.”

ನನ್ನ ಮುಖವನ್ನೇ ನೋಡಿದರು. “ಆಯ್ತು, ಇದ್ದದ್ದೇ ಬರಿಯಪ್ಪ.”

ಬರೆದೆ. ಬುಧವಾರ ಬೇರೆ ಹುಡುಗಿ ಬಂದಳು.

ಶುಕ್ರವಾರ ಅಕ್ಕ ಹಿಂದಿರುಗಿಸಿದ ಕೋಟು ಮುಖ್ಯ ಕಚೇರಿಗೆ ಹೋಗಲು ಪೊಟ್ಟಣವಾಗಿ ನನ್ನ ಮುಂದೆ ಬಂತು. ಎಲ್ಲ ಪೊಟ್ಟಣದಂತೆ ಅದನ್ನೂ ತೂಗಿದೆ. ಎರಡು ಕಿಲೋ! ಹಳೆಯ ಹತ್ತಿ ಕೋಟು ಕಾಲು ಕಿಲೋ ಕೂಡ ಇರಲಿಲ್ಲ. ಐವತ್ತನಾಲ್ಕರ ಮಿತಿ ಹಾಕಿದ್ದು ಆ ಕೋಟಿನ ಕಾಲದಲ್ಲಿ. ಹಳೆಯ ಕೋಟಿನಲ್ಲಾಗಿದ್ದರೆ ಅಕ್ಕ ಮಿತಿಯೊಳಗೇ ಇರುತ್ತಿದ್ದರು. ಓಡಿಹೋಗಿ ಅಧಿಕಾರಿಗೆ ಹೇಳಿದೆ.

“ಸೋಮವಾರ ಹೇಳೋಕೆ ಏನಾಗಿತ್ತು ನಿನಗೆ?” ಎಂದು ಕಡತ ಮುಚ್ಚಿದರು.

ಅಕ್ಕನ ಬಾಡಿಗೆ ಕೋಣೆಗೆ ಹೋದೆ. ಬೀಗ. ಅಣ್ಣ ಬಂದು ಕರೆದುಕೊಂಡು ಹೋದರೆಂದು ಮನೆಯೊಡತಿ ಹೇಳಿದರು. ಅಣ್ಣನ ವಿಳಾಸ ಹುಡುಕಿ ಮೂರು ಕಾಗದ ಬರೆದೆ. ಉತ್ತರವಿಲ್ಲ. ಊಟ ಆಯ್ತಾ ಎಂದು ಕೇಳುವವರೂ ಯಂತ್ರದ ಬಳಿ ಯಾರೂ ಉಳಿಯಲಿಲ್ಲ.

ನಾನು ಮುಳ್ಳು ಮಾತ್ರ ನೋಡಿದವನು. ಕೋಟು ಹೊತ್ತಿದ್ದು ಅವರ ಹೆಗಲು. ಅದರ ಭಾರ ಅವರಿಗೆ ಗೊತ್ತಾಗಿರಲಿಲ್ಲವೇ, ಗೊತ್ತಾಗಿಯೂ ನನ್ನ ಮುಖ ನೋಡಿ ಸುಮ್ಮನಾದರೇ? ನನಗೆ ಗೊತ್ತಿಲ್ಲ.