ಕುಂಚದ ಮೊನೆ

"ಅಕ್ಕಾ, ಅದನ್ನ ಬಾಯಿಗಿಟ್ಕೊಂಡ್ರಾ?"

ಹರ್ಷಿತಳ ಮಾತಿಗೆ ಫಿಝಾ ತಲೆಯೆತ್ತಿದಾಗ ಕುಂಚ ಇನ್ನೂ ಅವಳ ತುಟಿಗಳ ನಡುವೆಯೇ ಇತ್ತು. ನಾಲಿಗೆಯ ಮೇಲೆ ಒಂದು ಸುತ್ತು ಹೊರಳಿಸಿ, ತುಟಿಯಲ್ಲಿ ಒತ್ತಿ ಎಳೆದರೆ ಮೊನೆ ಸೂಜಿಯ ಹಾಗೆ ಬರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಸೂಜಿಗೆ ಪೋಣಿಸುವ ಮೊದಲು ದಾರದ ತುದಿಯನ್ನು ಬಾಯಿಗಿಡುವುದಿಲ್ಲವೇ, ಹಾಗೆ ಬಂದ ಅಭ್ಯಾಸ.

"ಇನ್ನೆಲ್ಲಿಗೆ ಇಟ್ಕೊಳ್ಳೋದು? ಬಟ್ಟೆಗೊತ್ತಿದ್ರೆ ಕೂದ್ಲು ಕೆದರ್ತದೆ ಕಣೇ," ಎಂದು ನಕ್ಕಳು.

ಹೊಸಕೋಟೆಯ ಆ ಎರಡು ಕೋಣೆಯ ಮನೆಯಲ್ಲಿ ಮಂಚದ ಮೇಲೆ, ನೆಲದ ಮೇಲೆ, ಹೊಲಿಗೆ ಯಂತ್ರದ ಮೇಲೆ, ಎಲ್ಲೆಂದರಲ್ಲಿ ಈದ್ ಕಾರ್ಡುಗಳು ಒಣಗುತ್ತಿದ್ದವು. ದಪ್ಪ ಕಾಗದವನ್ನು ಒದ್ದೆ ಮಾಡಿ ಹಳದಿ ನೀರನ್ನು ಹರಿಯಬಿಟ್ಟರೆ ಅದು ತನಗೆ ಬೇಕಾದ ಕಡೆ ಹೋಗಿ ನಿಲ್ಲುತ್ತದೆ. ಅಂಚನ್ನು ಮಾತ್ರ ಸಣ್ಣ ಕುಂಚದಲ್ಲಿ ತಿದ್ದಬೇಕು. ಒಣಗಿದ ಮೇಲೆ ಕಪ್ಪು ಇಂಕಿನಲ್ಲಿ ಒಂದು ಮಿನಾರು, ಒಂದು ಎಳೆ ಚಂದ್ರ. ಆವತಿಯ ಹುಡುಗಿ ಹರ್ಷಿತ ಅವನ್ನು ಒಯ್ದು, ಫೋನಿನಲ್ಲಿ ಚಿತ್ರ ಹಾಕಿ, ಊರೂರಿಗೆ ಮಾರುತ್ತಾಳೆ.

ಹರ್ಷಿತ ನಗಲಿಲ್ಲ. "ಈ ಹಳದಿ ಟ್ಯೂಬಿಂದಾ?"

"ಟ್ಯೂಬ್ ಎಲ್ಲಿ ಪೂರೈಸ್ತದೆ? ಪೇಟೇಲಿ ಬಿಡಿಯಾಗಿ ಪುಡಿ ಸಿಕ್ತದಲ್ಲ, ಅದು. ಗೋಂದಿನ ನೀರಲ್ಲಿ ಕಲಸ್ಕೊತೀನಿ."

"ಪೊಟ್ಟಣದ ಮೇಲೆ ಏನಾದ್ರೂ ಬರ್ದಿತ್ತಾ?"

"ಇತ್ತು. ಯಾವನೋ ಎಮ್ಮೆಲ್ಲೆ ಹುಟ್ಟುಹಬ್ಬದ್ದು. ಹಳೇ ಪೇಪರ್ ಕಣಮ್ಮಾ."

ಹರ್ಷಿತಳ ಕಣ್ಣು ಫಿಝಾಳ ಹೊಟ್ಟೆಗೆ ಇಳಿಯಿತು. ಎಂಟು ತಿಂಗಳು. "ಕೆಲವು ಹಳದೀಲಿ ಸೀಸ ಇರತ್ತಂತೆ ಅಕ್ಕಾ. ಹೊಟ್ಟೇಲಿರೋ ಮಗೂಗೆ ಒಳ್ಳೇದಲ್ವಂತೆ. ಇದ್ರಲ್ಲಿ ಇದ್ಯೋ ಇಲ್ವೋ ನಂಗೊತ್ತಿಲ್ಲ. ಒಂದ್ಸಲ ಡಾಕ್ಟ್ರನ್ನ ಕೇಳ್ಬಿಡಿ, ಆಯ್ತಾ?" ಎಂದು ಕಾರ್ಡುಗಳ ಕಟ್ಟನ್ನು ಎದೆಗೊತ್ತಿಕೊಂಡು, ಬಸ್ಸು ತಪ್ಪುತ್ತದೆಂದು ಹೊರಟೇಬಿಟ್ಟಳು.

ಫಿಝಾ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದರೆ ನಡುಗೆರೆಯಲ್ಲಿ ತೆಳ್ಳನೆಯ ಹಳದಿ. ಸೆರಗಿನಿಂದ ನಾಲಿಗೆಯನ್ನೂ ತುಟಿಗಳನ್ನೂ ತಿಕ್ಕಿ ತಿಕ್ಕಿ ಒರೆಸಿದಳು. ಹೋಯಿತೋ, ಇಲ್ಲ ಒಳಗೇ ಇಳಿಯಿತೋ.

ಹೋದ ವರ್ಷದ ರಂಜಾನಿನಲ್ಲಿ ಹೀಗಿರಲಿಲ್ಲ. ರೋಜಾ ಇದ್ದ ಬಾಯಿ. ಹನಿ ನೀರೂ ಗಂಟಲಿಗೆ ಇಳಿಯಬಾರದೆಂದು ಹಗಲೆಲ್ಲ ಕುಂಚವನ್ನು ಅಂಗೈಯಲ್ಲೇ ಹೊರಳಿಸುತ್ತಿದ್ದಳು. ಗೆರೆ ದಪ್ಪ ಬಂತೆಂದು ಹರ್ಷಿತ ಮುಖ ಸಣ್ಣ ಮಾಡಿದ್ದಳು. ಈ ವರ್ಷ ಅತ್ತೆ ಹಮೀದಾ ಹಟ ಹಿಡಿದು ರೋಜಾ ಬಿಡಿಸಿದ್ದಳು. "ಹೋದ ಸಲ ಒಂದನ್ನ ಕಳ್ಕೊಂಡಿದೀವಿ. ಬಸುರಿಗೆ ಮಾಫಿ ಇದೆ. ನಿನ್ನ ಪಾಲಿಂದೂ ನಾನೇ ಹಸ್ಕೊಂಡಿರ್ತೀನಿ, ನೀನು ಉಣ್ಣು." ಬಾಯಿಗೆ ತಡೆಯಿರಲಿಲ್ಲ. ಹಬ್ಬದ ಕಾರ್ಡಿನ ತರಾತುರಿ ಬೇರೆ. ಮಗುವಿಗೆಂದು ಉಪವಾಸ ಬಿಟ್ಟವಳು ಬೆಳಗಿನಿಂದ ಸಂಜೆಯವರೆಗೆ ಹಳದಿ ನೆಕ್ಕಿದ್ದಳು.

ಮಗು ಅಲುಗುತ್ತಿರಲಿಲ್ಲ.

ಈ ಹೊತ್ತಿಗೆ ಅದು ಒಂದೆರಡು ಬಾರಿಯಾದರೂ ಒದೆಯುತ್ತಿತ್ತು. ಎಡಮಗ್ಗುಲಾಗಿ ಮಲಗಿದಳು. ಸಕ್ಕರೆ ತಿಂದು ತಣ್ಣೀರು ಕುಡಿದಳು. ಹೊಟ್ಟೆಯನ್ನು ಬೆರಳಿನಿಂದ ತಟ್ಟಿದಳು, ಬಾಗಿಲು ತಟ್ಟುವ ಹಾಗೆ. ಬೆಳಿಗ್ಗೆ ಅಲುಗಿತ್ತೇ? ನಿನ್ನೆ ಅಲುಗಿದ್ದು ನಿಜವೇ? ಭಯ ಹೊಕ್ಕ ಮೇಲೆ ನೆನಪಿನ ಮಾತನ್ನೂ ನಂಬುವಂತಿರಲಿಲ್ಲ. ಗಂಡ ಸಕ್ಲೇನ್ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿದ್ದ. ಒಳಗೆ ಫೋನು ಬಿಡುವುದಿಲ್ಲ. ಮೊದಲನೆಯದು ಹೋದಾಗ ಎಲ್ಲರೂ ತಲೆ ಸವರಿ, ಯಾರ ತಪ್ಪೂ ಅಲ್ಲ, ಅಲ್ಲಾಹನ ಇಚ್ಛೆ ಅಂದಿದ್ದರು. ಈ ಸಲ ಹಾಗನ್ನಲು ಯಾರಿಗಾದರೂ ಬಾಯಿ ಬಂದೀತೇ?

ಗಂಜಿಯ ಸೌಟು ಹಿಡಿದೇ ಹಮೀದಾ ಬಾಗಿಲಿಗೆ ಬಂದಳು. "ಕ್ಯಾ ಹುವಾ ಗೇ? ತುಟಿ ಯಾಕೆ ಹಾಗೆ ಕೆಂಪಾಗಿದೆ?"

"ಮಗು ಅಲುಗ್ತಿಲ್ಲ ಅಮ್ಮಿ." ಅಷ್ಟೇ ಹೇಳಿದಳು. ಬಣ್ಣದ ಮಾತೆತ್ತಲಿಲ್ಲ.

ಒಲೆ ಆರಿಸಿದ್ದು, ಬುರ್ಖಾ ತೊಟ್ಟದ್ದು, ಎದುರುಮನೆಯ ಗೋವಿಂದರಾಜುವಿನ ಆಟೋ ಬಾಗಿಲಿಗೆ ಬಂದದ್ದು ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಗೋವಿಂದರಾಜು ಕನ್ನಡಿಯಲ್ಲಿ ನೋಡಿ, "ರೋಜಾ ಬಿಡೋ ಹೊತ್ತಾಯ್ತಲ್ಲಮ್ಮಾ, ಏನಾದ್ರೂ ತಿಂದ್ಕೊಂಡು ಬರ್ಬೋದಿತ್ತು," ಎಂದ.

"ನೀನು ಓಡ್ಸಪ್ಪ. ನನ್ನ ಹಸಿವು ಎಲ್ಲಿಗೂ ಓಡೋಗಲ್ಲ," ಎಂದಳು ಹಮೀದಾ. ದಾರಿಯುದ್ದಕ್ಕೂ ಸೊಸೆಯ ಮಣಿಕಟ್ಟು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚುತ್ತ ಕೇಳಿದಳು: "ಏನಾದ್ರೂ ಮಾತ್ರೆ, ನಾಟಿ ಔಷಧಿ ತಗೊಂಡ್ರಾ? ಏನಿದ್ರೂ ಹೇಳ್ಬಿಡಿ."

ಮಣಿಕಟ್ಟಿನ ಮೇಲೆ ಅತ್ತೆಯ ಕೈ ಇತ್ತು. ಫಿಝಾ ಸೂರು ನೋಡುತ್ತ ಹೇಳಿದಳು: "ಬಣ್ಣ ತಿಂದಿದೀನಿ."

"ಬಣ್ಣಾನಾ?"

"ಕಾರ್ಡ್ ಬರೆಯೋ ಬಣ್ಣ. ಮೊನೆಗೋಸ್ಕರ ಕುಂಚ ಬಾಯಿಗಿಟ್ಕೊತೀನಿ. ಹಳದೀಲಿ ಸೀಸ ಇರ್ಬೋದಂತೆ. ರಂಜಾನ್ ಶುರುವಾದಾಗಿಂದ ದಿನಾ ಹಗಲೆಲ್ಲ."

ಕೈ ಈಗ ಹೋಗುತ್ತದೆ ಎಂದು ಕಾದಳು. ಹೋಗಲಿಲ್ಲ. ಹಿಡಿತ ಬಿಗಿಯಾಗಲೂ ಇಲ್ಲ.

ನರ್ಸು ಯಂತ್ರವನ್ನು ಹೊಕ್ಕುಳಿನ ಕೆಳಗಿಟ್ಟಳು. ಬರೀ ಗರಗರ. ಬಲಕ್ಕೆ ಸರಿಸಿದಳು, ಗರಗರ. "ಉಸಿರು ಬಿಗಿ ಹಿಡೀಬೇಡಮ್ಮ," ಎಂದು ಎಡಕ್ಕೆ ತಿರುಗಿಸಿ ಒತ್ತಿದಳು. ದೂರದಲ್ಲಿ ಯಾರೋ ಬಟ್ಟೆಯನ್ನು ಬೇಗಬೇಗ ಕಲ್ಲಿಗೆ ಬಡಿಯುತ್ತಿರುವಂಥ ಸದ್ದು ಬಂತು. ಹತ್ತಿರವಾಯಿತು.

"ಇದೆ ನೋಡಿ. ಮಗೂದು. ಚೆನ್ನಾಗೇ ಹೊಡ್ಕೊತಿದೆ," ಎಂದಳು ನರ್ಸು. ಫಿಝಾಳ ಮುಖ ನೋಡಿ ದನಿ ತಗ್ಗಿಸಿದಳು. "ಆದ್ರೆ ಬಣ್ಣದ ವಿಷ್ಯ ಡಾಕ್ಟ್ರಿಗೆ ಹೇಳ್ತೀನಿ. ರಕ್ತ ಬೆಂಗ್ಳೂರಿಗೆ ಕಳಿಸ್ಬೇಕಾಗ್ತದೆ. ರಿಪೋರ್ಟ್ ಬರೋವರ್ಗೂ ಸೀಸ ಇದೆ ಅಂತನೂ ಹೇಳಕ್ಕಾಗಲ್ಲ, ಇಲ್ಲ ಅಂತನೂ ಹೇಳಕ್ಕಾಗಲ್ಲ."

ರೋಜಾ ಬಿಡುವ ಹೊತ್ತಿನ ಮಗ್ರಿಬ್‌ನ ಅಜಾನ್ ಯಾವಾಗ ಮುಗಿದಿತ್ತೋ ಇಬ್ಬರಿಗೂ ತಿಳಿದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ, ಡಾಕ್ಟರಿಗಾಗಿ ಕಾಯುತ್ತ, ಹಮೀದಾ ಎದುರಿನ ಗೋಡೆಗೆ ಹೇಳುವವಳಂತೆ, "ರೋಜಾ ಬೇಡ ಅಂದಿದ್ದು ನಾನು," ಎಂದಳು.



ಹಮೀದಾ ಚೀಲದೊಳಗೆ ಕೈಯಾಡಿಸಿ ಒಂದು ಖರ್ಜೂರ ತೆಗೆದಳು. ಉಗುರಿನಿಂದ ಸೀಳಿ, ಬೀಜ ಬೇರೆ ಮಾಡಿ, ಅರ್ಧವನ್ನು ಸೊಸೆಯ ಬಾಯಿಯ ಹತ್ತಿರ ಹಿಡಿದಳು. ಫಿಝಾಳ ತುಟಿಗಳು ತೆರೆಯಲಿಲ್ಲ. ತಿಕ್ಕಿ ತಿಕ್ಕಿ ಸುಲಿದ ತುಟಿಗಳು, ಹೊಲಿದಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹಮೀದಾ ಒತ್ತಾಯಿಸಲಿಲ್ಲ, ಕೈಯನ್ನು ಕೆಳಗಿಳಿಸಲೂ ಇಲ್ಲ. ಇನ್ನೊಂದು ಕೈಯಲ್ಲಿದ್ದ ತನ್ನ ಅರ್ಧವನ್ನು ತಿನ್ನದೆ, ಒಣಗಿದ ಬಾಯಲ್ಲಿ ಹಾಗೇ ಕೂತಿದ್ದಳು.